ಇಮ್ಮಡಿ ಭೈರವರಸ: ನಾಲ್ಕು ದಿಕ್ಕಿಗೂ ತೆರೆದ ಬಾಗಿಲು

ಗೃಹಸ್ಥರು ಪಾಲಿಸಬೇಕಾದ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ. ಪರರ ಗುಟ್ಟನ್ನು ಬಯಲುಮಾಡುವುದು ಅವುಗಳಲ್ಲಿ ಒಂದು. ಮುಖಚರ್ಯೆಯಿಂದ ಇನ್ನೊಬ್ಬರ ಮನಸ್ಸನ್ನು ಊಹಿಸಿ, ಅದನ್ನು ಹೊರಗೆಡಹಿ ಒಡಕು ಹುಟ್ಟಿಸುವುದು ಮತ್ತೊಂದು. ನಾಡು ಒಡೆದಿರುವ ಕಾಲದಲ್ಲಿ ಇಂಥ ಮಾತು ಬೇಗ ಬೆಂಕಿಯಾಗುತ್ತದೆ. ಕಳಸ-ಕಾರ್ಕಳದ ಅರಸ ಇಮ್ಮಡಿ ಭೈರವನ ಬಾಳು ಇದಕ್ಕೆ ನಿದರ್ಶನ.

ಹೊಂಬುಜದ ಜಿನದತ್ತರಾಯನ ಪರಂಪರೆಗೆ ಸೇರಿದ ಈ ಮನೆತನವು ಘಟ್ಟದ ಮೇಲೆ ಕಳಸವನ್ನೂ ಕೆಳಗೆ ಕಾರ್ಕಳವನ್ನೂ ನೆಲೆಯಾಗಿಸಿಕೊಂಡು ಆಳಿತು. ಅರಸರು ಜಿನಭಕ್ತರಾದರೂ ಕಳಸೇಶ್ವರನ ಸೇವೆಗೆ ದತ್ತಿಗಳನ್ನು ಬಿಟ್ಟರು. 1565ರ ರಕ್ಕಸತಂಗಡಿಯ ಯುದ್ಧದ ಬಳಿಕ ವಿಜಯನಗರದ ಹಿಡಿತ ಸಡಿಲಿತು. ಘಟ್ಟದ ಮೇಲೆ ಕೆಳದಿಯ ನಾಯಕರು ಬಲಗೊಳ್ಳುತ್ತಿದ್ದರು; ಕೆಳಗೆ ಚೌಟರು, ಬಂಗರು, ಅಜಿಲರು ತಮ್ಮ ತಮ್ಮ ಸೀಮೆಗಳನ್ನು ಕಾಯುತ್ತಿದ್ದರು. ಇಮ್ಮಡಿ ಭೈರವ ಆಳಿದ್ದು ಇಂಥ ಕಾಲದಲ್ಲಿ.

ಒಮ್ಮೆ ಶೃಂಗೇರಿಯ ನರಸಿಂಹ ಭಾರತೀ ಸ್ವಾಮಿಗಳು ಕಾರ್ಕಳಕ್ಕೆ ಬಿಜಯಮಾಡಿದರೆಂದು ಸ್ಥಳಪರಂಪರೆ ಹೇಳುತ್ತದೆ. ಕೆಲಕಾಲ ಅಲ್ಲಿಯೇ ತಂಗಬೇಕೆಂದು ಅರಸನು ಬಿನ್ನವಿಸಿದನು. ನಿತ್ಯದರ್ಶನಕ್ಕೆ ತಮ್ಮ ದೇವರ ಗುಡಿಯಿಲ್ಲದ ಊರಿನಲ್ಲಿ ನಿಲ್ಲಲಾಗದೆಂದು ಸ್ವಾಮಿಗಳು ತಿಳಿಸಿದರು. ಆಗ ಅರಸನು ಬಸದಿಗೆಂದು ಹೊಸದಾಗಿ ಕಟ್ಟಿಸಿದ್ದ ಕಟ್ಟಡದಲ್ಲಿ ಅನಂತಶಯನನನ್ನು ಪ್ರತಿಷ್ಠಾಪಿಸಿದನು.

ಇದು ರಾಜಗುರು ಲಲಿತಕೀರ್ತಿ ಭಟ್ಟಾರಕರಿಗೆ ಒಪ್ಪಿಗೆಯಾಗಲಿಲ್ಲ. ಅತಿಥಿಯ ಗೌರವ ಒಂದೆಡೆ, ಗುರುವಿನ ನೋವು ಇನ್ನೊಂದೆಡೆ. ಅರಸನು ವಾದಕ್ಕೆ ನಿಲ್ಲಲಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಕೇಳಲೂ ಇಲ್ಲ. ಗುರುಗಳ ಪಾದಕ್ಕೆರಗಿ, ಮುನ್ನಾಲೋಚನೆಯಿಲ್ಲದ ತನ್ನ ನಡೆಯನ್ನು ಮನ್ನಿಸಬೇಕೆಂದು ಬೇಡಿ, ಅದಕ್ಕಿಂತ ಹಿರಿದಾದ ಜಿನಾಲಯವನ್ನು ಕಟ್ಟಿಸುವೆನೆಂದು ಮಾತುಕೊಟ್ಟನು. 1586ರಲ್ಲಿ ಆ ಮಾತು ಶಿಲೆಯಾಗಿ ನಿಂತಿತು. ಅದೇ ತ್ರಿಭುವನತಿಲಕ ಜಿನಚೈತ್ಯಾಲಯ, ಇಂದಿನ ಚತುರ್ಮುಖ ಬಸದಿ. ನಾಲ್ಕು ದಿಕ್ಕುಗಳ ಬಾಗಿಲಲ್ಲಿಯೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಯಾವ ಕಡೆಯಿಂದ ಬಂದವನಿಗೂ ಅದು ಬೆನ್ನು ತೋರದು.

ಆದರೆ ಇದೇ ಅರಸನ ಹೆಸರಿನೊಡನೆ ಇನ್ನೊಂದು ಜನಶ್ರುತಿಯೂ ಇದೆ. ವೇಣೂರಿನ ತಿಮ್ಮಣ್ಣಾಜಿಲನು ಬಾಹುಬಲಿಯ ಬಿಂಬವನ್ನು ಕಡೆಸುತ್ತಿರುವ ಸುದ್ದಿ ಕಾರ್ಕಳಕ್ಕೆ ಮುಟ್ಟಿತು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನ ಕೀರ್ತಿ ಇದರಿಂದ ಮಸುಕಾಗುವುದೆಂಬ ಅಳುಕು ಅರಸನಲ್ಲಿ ಮೂಡಿತು. ಬಿಂಬವನ್ನು ತನಗೊಪ್ಪಿಸಬೇಕೆಂದು ಹೇಳಿಕಳುಹಿಸಿದನು, ಅಜಿಲನು ಒಪ್ಪಲಿಲ್ಲ, ಮಾತು ಮುರಿದು ಯುದ್ಧವಾಯಿತು. ಅಜಿಲನು ಬಿಂಬವನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿ ಕಾಪಾಡಿದನಂತೆ. 1604ರಲ್ಲಿ ವೇಣೂರಿನ ಬಾಹುಬಲಿ ನೆಲೆನಿಂತನು. ಗೆದ್ದ ರಾಜ್ಯವನ್ನೇ ತೊರೆದ ತ್ಯಾಗಮೂರ್ತಿಗಾಗಿ ಅವನನ್ನು ಪೂಜಿಸುವವರೇ ಕಾದಾಡಿದರು!

ಪರಮತದ ಯತಿಗೆ ಬಸದಿಯನ್ನೇ ಬಿಟ್ಟುಕೊಟ್ಟ ಕೈ, ಸ್ವಧರ್ಮದ ನೆರೆಯವನ ಮೇಲೆ ಕತ್ತಿ ಎತ್ತಿತು. ಮತ ಬೇರೆಯಾದುದರಿಂದ ಹಗೆ ಹುಟ್ಟಲಿಲ್ಲ. ಮತ ಒಂದಾದುದರಿಂದ ಹಗೆ ತಪ್ಪಲೂ ಇಲ್ಲ. ಮಾನಕಷಾಯವು ಅಡಗಿದ್ದಾಗ ಮಾತು ಬಾಗಿತು. ಅದು ತಲೆಯೆತ್ತಿದಾಗ ಅದೇ ಮಾತು ಆಜ್ಞೆಯಾಯಿತು. ಮಾನವನ್ನು ಮಾರ್ದವದಿಂದ ಗೆಲ್ಲಬೇಕೆಂಬುದು ಆಗಮದ ಬೋಧೆ.

ಶೃಂಗೇರಿಯ ಪೇಟೆಯಲ್ಲಿ ಶಾರದೆಯ ಸನ್ನಿಧಿಗೆ ಅನತಿದೂರದಲ್ಲಿ ಪಾರ್ಶ್ವನಾಥ ಬಸದಿ ಇಂದಿಗೂ ಇದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ದರ್ಶನಕ್ಕೆ ಅನ್ಯಮತದ ಭಕ್ತರೂ ಬರುತ್ತಾರೆ. ಕೊಪ್ಪದ ಸಂತೆಯಲ್ಲಿ ಎಲ್ಲರ ಅಡಕೆಗೂ ಒಂದೇ ತಕ್ಕಡಿ. ಪಕ್ಷಗಳು ಬೇರೆಯಾದ ದಿನಗಳಲ್ಲಿ ಈ ನೆರೆಹೊರೆಯನ್ನು ಉಳಿಸುವುದು ಹಿತವೂ ಮಿತವೂ ಆದ ನಿತ್ಯದ ಮಾತು. ಒಂದು ಕ್ಷಮಾಯಾಚನೆ ಕಾರ್ಕಳಕ್ಕೆ ಬಸದಿಯನ್ನು ಕೊಟ್ಟಿತು. ಒಂದು ಬಿರುನುಡಿ ಬಾಹುಬಲಿಯನ್ನು ಮರಳಿನಲ್ಲಿ ಮಲಗಿಸಿತು.