ಇತಿಹಾಸಕಾರ ಸಿಮಾ ಚಿಯೆನ್

ಬಿರುಕುಬಿಟ್ಟ ಆಕಾಶವನ್ನು ನೂವಾ ದೇವಿ ಐದು ಬಣ್ಣದ ಕಲ್ಲುಗಳನ್ನು ಕರಗಿಸಿ ಮುಚ್ಚಿದಳೆಂಬುದು ಪ್ರಾಚೀನ ಚೀನೀಯರ ಕಥೆ. ಇಂತಹ ಕಥೆಗಳು ತುಂಬಿದ್ದ ಆ ನಾಡಿನಲ್ಲಿ ಕ್ರಿ.ಪೂ. 145ರ ಸುಮಾರಿಗೆ ಸಿಮಾ ಚಿಯೆನ್ ಜನಿಸಿದನು. ಆಸ್ಥಾನ ಜ್ಯೋತಿಷಿಯಾಗಿದ್ದ ತಂದೆ, ತಾನು ತೊಡಗಿದ್ದ ಇತಿಹಾಸವನ್ನು ಪೂರ್ಣಗೊಳಿಸುವಂತೆ ಮಗನನ್ನು ಬೇಡಿಕೊಂಡು ಕ್ರಿ.ಪೂ. 110ರಲ್ಲಿ ಕಣ್ಮುಚ್ಚಿದನು.

ಸಿಮಾ ಚಿಯೆನ್ ಇಪ್ಪತ್ತರ ಹರೆಯದಿಂದಲೇ ನಾಡನ್ನು ಸುತ್ತಿದ್ದನು. ಹಿರಿಯರಿಂದ ಕೇಳಿದುದನ್ನು ಹಳೆಯ ಗ್ರಂಥಗಳೊಡನೆ ತಾಳೆ ನೋಡಿ, ನಂಬಲರ್ಹವಾದುದನ್ನು ಆರಿಸಿಕೊಂಡನು. ಆದುದರಿಂದಲೇ ಅವನ ಇತಿಹಾಸವು ಸೃಷ್ಟಿಕಥೆಯಿಂದಲ್ಲ, ಹಳದಿ ಚಕ್ರವರ್ತಿಯೆಂಬ ಅರಸನಿಂದ ಮೊದಲಾಗುತ್ತದೆ. ಆ ಅರಸನೂ ಪುರಾಣಪುರುಷನೇ ಎಂಬುದು ಬೇರೆ ಮಾತು!

ಕ್ರಿ.ಪೂ. 99ರಲ್ಲಿ ಲಿ ಲಿಂಗ್ ಎಂಬ ಸೇನಾನಿ ಯುದ್ಧದಲ್ಲಿ ಸೋತು ಶತ್ರುಗಳಿಗೆ ಶರಣಾದನು. ಆಸ್ಥಾನಿಕರೆಲ್ಲ ಅವನನ್ನು ನಿಂದಿಸುತ್ತಿದ್ದಾಗ ಸಿಮಾ ಚಿಯೆನ್ ಅವನ ಪರವಾಗಿ ನುಡಿದನು. ಚಕ್ರವರ್ತಿ ವೂ ಕೆರಳಿದನು. ಸಿಮಾ ಚಿಯೆನ್‌ನಿಗೆ ಮರಣದಂಡನೆಯಾಯಿತು. ದಂಡ ತೆತ್ತು ಪಾರಾಗಲು ಅವನಲ್ಲಿ ಹಣವಿರಲಿಲ್ಲ. ಪುರುಷತ್ವವನ್ನು ಕಳೆದುಕೊಳ್ಳುವ ಶಿಕ್ಷೆಯೊಂದೇ ಜೀವ ಉಳಿಸಿಕೊಳ್ಳುವ ದಾರಿ. ಅದಕ್ಕಿಂತ ಸಾವೇ ಮೇಲೆಂದು ಅಂದಿನ ಕುಲೀನರು ಬಗೆಯುತ್ತಿದ್ದರು. ಆದರೂ ಅವನು ಆ ಅವಮಾನವನ್ನೇ ಆರಿಸಿಕೊಂಡನು. ಗ್ರಂಥ ಇನ್ನೂ ಮುಗಿದಿರಲಿಲ್ಲ.

130 ಅಧ್ಯಾಯಗಳ ‘ಶಿಜಿ’ ಹೀಗೆ ಪೂರ್ಣಗೊಂಡಿತು. ಅದರಲ್ಲಿರುವ ಶಾಂಗ್ ವಂಶದ ಅರಸರ ಪಟ್ಟಿಯನ್ನು ಕಟ್ಟುಕಥೆಯೆಂದು ಶಂಕಿಸಿದವರುಂಟು. ಇಪ್ಪತ್ತನೆಯ ಶತಮಾನದಲ್ಲಿ, ಆನ್ಯಾಂಗ್‌ನಲ್ಲಿ ದೊರೆತ ಮೂಳೆಗಳ ಮೇಲಿನ ಬರಹಗಳನ್ನು ಓದಿದಾಗ, ಆ ಹೆಸರುಗಳಲ್ಲಿ ಹೆಚ್ಚಿನವು ಅಲ್ಲಿಯೂ ಕಂಡುಬಂದವು.