ದಕ್ಷತೆಯ ದಿವಾನರು

ಮಂಡ್ಯ ಸೀಮೆಯ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಪಟಗಳ ಸಾಲಿನಲ್ಲಿಯೇ, ಮೈಸೂರು ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಪಟವೊಂದಿದೆ. ಕನ್ನಂಬಾಡಿಯ ನೀರುಂಡ ಮನೆಗಳಲ್ಲಿ ಇದೇನೂ ಹೊಸತಲ್ಲ. ಆ ಮಹನೀಯರ ಜೀವನಚರಿತ್ರೆಯನ್ನು ಓದತೊಡಗಿದ ಮೇಲೆ ಮಾತ್ರ, ಪಟದಲ್ಲಿ ಕಾಣದ ಸಂಗತಿಯೊಂದು ನನಗೆ ಎದುರಾಯಿತು.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು ಅವರು. 1884ರಲ್ಲಿ ಮುಂಬಯಿ ಸರ್ಕಾರದ ಇಂಜಿನಿಯರಾದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರು, 1912ರಲ್ಲಿ ದಿವಾನರು. ಅಣೆಕಟ್ಟು, ಬ್ಯಾಂಕು, ವಿಶ್ವವಿದ್ಯಾನಿಲಯಗಳ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಕಚೇರಿಗಳ ಕೆಲಸವನ್ನೂ ಜಮಾಖರ್ಚಿನಂತೆ ತನಿಖೆಗೆ ಒಳಪಡಿಸಿ, ದಕ್ಷತೆಯನ್ನು ಅಳೆಯುವ ಏರ್ಪಾಡು ಮಾಡಿದವರು ಅವರೆಂಬುದನ್ನು ಬಲ್ಲವರು ಕಡಿಮೆ.

ಆ ಕಚೇರಿಗಳಲ್ಲಿ ಕುಳಿತವರು ಯಾರು? ಬಹುಮಟ್ಟಿಗೆ ಒಂದೇ ಸಮುದಾಯದವರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ಉಳಿದ ಸಮುದಾಯಗಳ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ತಮಗೂ ಪಾಲು ಬೇಕೆಂದು ಬಿನ್ನವಿಸಿದರು. ಮಹಾರಾಜರು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ವಿದ್ಯೆ ಕೊಡೋಣ, ವೇತನ ಕೊಡೋಣ. ಹುದ್ದೆಗೆ ಮಾತ್ರ ಯೋಗ್ಯತೆಯೇ ಅಳತೆಯಾಗಿರಬೇಕು, ಇಲ್ಲದಿದ್ದರೆ ಆಡಳಿತ ಕೆಡುತ್ತದೆ ಎಂಬುದು ಅವರ ನಿಲುವು. 1918ರ ಡಿಸೆಂಬರಿನಲ್ಲಿ ಅಧಿಕಾರವನ್ನು ಬಿಟ್ಟು ಹೊರಟೇಬಿಟ್ಟರು.

ಅವರನ್ನು ಸ್ವಾರ್ಥಿಯೆನ್ನಲು ನನ್ನ ನಾಲಗೆ ಏಳದು. ನಂಟರಿಷ್ಟರಿಗೂ ದಾಕ್ಷಿಣ್ಯ ತೋರದ ಮನುಷ್ಯ ಅವರು. ಆದರೂ ಮಿಲ್ಲರ್ ಸಮಿತಿಯ ವಾದವೇ ನನಗೆ ಹೆಚ್ಚು ಸರಿಯೆಂದು ತೋರುತ್ತದೆ: ದಕ್ಷತೆಯೆಂದರೆ ಪರೀಕ್ಷೆಯ ಅಂಕವಷ್ಟೇ ಅಲ್ಲ, ಜನರ ಮೇಲಿನ ಕನಿಕರ, ಪ್ರಾಮಾಣಿಕತೆ, ಚೈತನ್ಯ, ವ್ಯವಹಾರಜ್ಞಾನ ಇವೂ ಅದರಲ್ಲಿ ಸೇರಿವೆ. ಕಳೆದ ವಾರ್ಷಿಕೋತ್ಸವಕ್ಕೆ ಸಂಘದ ಕಾರ್ಯದರ್ಶಿಯಾಗಿ ನಾನೇ ಸ್ವಯಂಸೇವಕರನ್ನು ಆರಿಸಿದ್ದೆ, ಚುರುಕಾದವರನ್ನೇ ಆರಿಸಿದ್ದೆ. ಎಲ್ಲವೂ ಹೇಳಿದ ಹೊತ್ತಿಗೆ ನಡೆಯಿತು. ಹಳ್ಳಿಯ ಬಸ್ಸಿನಲ್ಲಿ ಬರುವವರಲ್ಲಿ ಒಬ್ಬನೂ ವೇದಿಕೆಯ ಬಳಿ ಸುಳಿಯಲಿಲ್ಲ. ಅದು ನನಗೆ ಹೊಳೆದದ್ದು ಈ ಓದಿನ ತರುವಾಯ.

ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಲ್ಲಬೇಕೆಂದು ಸಮಿತಿ ಸೂಚಿಸಿತು. 1921ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿತು. ಮೈಸೂರಿನ ಆಡಳಿತ ಅದರಿಂದ ಮುಳುಗಲಿಲ್ಲ. ವಿಶ್ವೇಶ್ವರಯ್ಯನವರೂ ಮುನಿಸನ್ನು ಸಾಧಿಸಲಿಲ್ಲ. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು 1923ರಲ್ಲಿ ಅದೇ ಸರ್ಕಾರಕ್ಕಾಗಿ ಹೊತ್ತು, 1929ರವರೆಗೆ ದುಡಿದು ಅದನ್ನು ದಡ ಸೇರಿಸಿದರು. 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಕಾಲವಾದರು.

ನಮ್ಮ ವಂಶದಲ್ಲಿ ಮೊದಲು ಸರ್ಕಾರಿ ಸಂಬಳ ಕಂಡವರು ನನ್ನ ಮುತ್ತಜ್ಜ. ಆ ಆಜ್ಞೆಯ ದೆಸೆಯಿಂದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾದವರು. ಪಡಸಾಲೆಯ ಪಟವನ್ನು ಪೇಟೆಯಿಂದ ತಂದು, ತಮ್ಮ ಕೈಯಾರೆ ಮೊಳೆ ಹೊಡೆದು ತೂಗುಹಾಕಿದವರೂ ಅವರೇ.