ರೋಗಿಯ ಪಕ್ಕದಲ್ಲಿರುವವರನ್ನೂ ನೆನೆದ ಖಲೀಫ

ದಾವಣಗೆರೆಯ ಜಿಲ್ಲಾಸ್ಪತ್ರೆಗೆ ಚಿಗಟೇರಿಯ ಹೆಸರಿದೆ. ಹರಪನಹಳ್ಳಿ ತಾಲೂಕಿನ ಚಿಗಟೇರಿ ಮತ್ತು ಸುತ್ತಲಿನ ಹಳ್ಳಿಗಳ ಜನ ಚಿಕಿತ್ಸೆಗೆಂದು ದಾವಣಗೆರೆಗೆ ಹೋಗುವುದುಂಟು. ಯಾವ ಆಸ್ಪತ್ರೆಯಲ್ಲಾದರೂ ರೋಗಿಗೆ ಮಂಚವಿರುತ್ತದೆ, ಚೀಟಿಯಲ್ಲಿ ಹೆಸರಿರುತ್ತದೆ. ಮಂಚದ ಪಕ್ಕದಲ್ಲಿ ಚಾಪೆ ಹಾಸಿ ರಾತ್ರಿ ಕಳೆಯುವ ತಾಯಿಗೋ ಮಗಳಿಗೋ ಸೊಸೆಗೋ ಅವೆರಡೂ ಇಲ್ಲ. ಮನೆಗೆ ಮರಳಿದ ಮೇಲೂ ಎತ್ತಿ ಕೂರಿಸುವುದು, ಉಣಿಸುವುದು, ಮೈ ತೊಳೆಯುವುದು ವರ್ಷಗಟ್ಟಲೆ ನಡೆಯುತ್ತದೆ. ಕೂಲಿಗೆ ಹೋಗುತ್ತಿದ್ದವಳು ಅದನ್ನು ಬಿಟ್ಟು ಮನೆಯಲ್ಲಿ ನಿಲ್ಲುತ್ತಾಳೆ. ಖರ್ಚು ಏರುತ್ತದೆ, ಸಂಪಾದನೆ ನಿಲ್ಲುತ್ತದೆ. ಇಂತಹ ಮನೆಗಳ ಭಾರದಲ್ಲಿ ಸರಕಾರಕ್ಕೂ ಪಾಲಿದೆಯೆಂದು ಹದಿಮೂರು ಶತಮಾನಗಳ ಹಿಂದೆಯೇ ಅರಿತಿದ್ದ ಆಡಳಿತಗಾರರೊಬ್ಬರಿದ್ದರು. ಅವರೇ ಉಮರ್ ಬಿನ್ ಅಬ್ದುಲ್ ಅಝೀಝ್(ರ).

ಅವರ ತಂದೆ ಅಬ್ದುಲ್ ಅಝೀಝ್ ಬಿನ್ ಮರ್ವಾನ್ ಈಜಿಪ್ಟಿನ ರಾಜ್ಯಪಾಲರಾಗಿದ್ದರು. ತಾಯಿ ಉಮ್ಮು ಆಸಿಮ್ ದ್ವಿತೀಯ ಖಲೀಫ ಉಮರ್(ರ)ರ ಮೊಮ್ಮಗಳು. ಆ ಮುತ್ತಜ್ಜನ ಕಾಲದ ಘಟನೆಯೊಂದು ಪ್ರಸಿದ್ಧವಾಗಿದೆ. ಆಗ ಮೊಲೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಬೈತುಲ್‌ಮಾಲ್‌ನಿಂದ ಭತ್ಯೆ ಸಿಗುತ್ತಿತ್ತು. ಒಂದು ರಾತ್ರಿ ಮಗುವೊಂದು ಎಡೆಬಿಡದೆ ಅಳುವುದನ್ನು ಉಮರ್(ರ) ಕೇಳಿದರು. ಭತ್ಯೆಗಾಗಿ ತಾಯಿ ಅವಧಿಗೆ ಮುಂಚೆಯೇ ಹಾಲು ಬಿಡಿಸುತ್ತಿದ್ದಳು. ತನ್ನ ನಿಯಮವೇ ಮಗುವನ್ನು ಅಳಿಸುತ್ತಿದೆಯೆಂದು ತಿಳಿದು ಅವರು ಬಹಳ ನೊಂದರು. ಅಂದಿನಿಂದ ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಗೊತ್ತುಪಡಿಸಿದರು.

ಮರಿಮಗ ಮದೀನದಲ್ಲಿ ವಿದ್ವಾಂಸರ ಬಳಿ ಕಲಿತರು. ಖಲೀಫ ಅಬ್ದುಲ್ ಮಲಿಕ್‌ರ ಪುತ್ರಿ ಫಾತಿಮಾರನ್ನು ವಿವಾಹವಾದರು. ಕ್ರಿ.ಶ. 706ರಲ್ಲಿ ಮದೀನದ ರಾಜ್ಯಪಾಲರಾದರು. ಯೌವನದಲ್ಲಿ ಬೆಲೆಬಾಳುವ ಉಡುಪು, ಸುಗಂಧಗಳಿಗೆ ಹೆಸರಾಗಿದ್ದವರು ಅವರು. ಕ್ರಿ.ಶ. 717ರಲ್ಲಿ ಖಲೀಫರಾದಾಗ ಜೀವನವೇ ಬದಲಾಯಿತು. ತಮ್ಮ ಆಸ್ತಿಯನ್ನು ಬೈತುಲ್‌ಮಾಲ್‌ಗೆ ಮರಳಿಸಿದರು. ಫಾತಿಮಾ ತಮ್ಮ ಒಡವೆಗಳನ್ನೂ ಒಪ್ಪಿಸಿದರು.

ಆಮೇಲೆ ಅವರು ಮಾಡಿದ ಒಂದು ಕೆಲಸವನ್ನು ನಾವು ವಿಶೇಷವಾಗಿ ಗಮನಿಸಬೇಕು. ಕುರುಡರು, ನಡೆಯಲಾರದವರು, ಪಾರ್ಶ್ವವಾಯು ಪೀಡಿತರು, ನಮಾಝ್‌ಗೆ ಎದ್ದು ನಿಲ್ಲಲಾರದಷ್ಟು ದೀರ್ಘಕಾಲ ಕಾಯಿಲೆ ಬಿದ್ದವರು ಯಾರ್‍ಯಾರಿದ್ದಾರೆ, ಹೆಸರು ಬರೆದು ಕಳುಹಿಸಿರೆಂದು ಸಿರಿಯಾದ ಪಟ್ಟಣಗಳಿಗೆ ಆಜ್ಞೆ ಹೊರಡಿಸಿದರು. ಪಟ್ಟಿ ಬಂದ ಮೇಲೆ ಪ್ರತಿಯೊಬ್ಬ ಕುರುಡನಿಗೂ ಕೈಹಿಡಿದು ನಡೆಸುವ ಒಬ್ಬನನ್ನು, ಇಬ್ಬಿಬ್ಬರು ದೀರ್ಘರೋಗಿಗಳಿಗೆ ಒಬ್ಬ ಸೇವಕನನ್ನು ನೇಮಿಸಿದರು. ಬಂಧುಗಳಿಲ್ಲದ ಅನಾಥ ಮಕ್ಕಳ ಪಟ್ಟಿಯನ್ನೂ ತರಿಸಿ, ಐವರಿಗೆ ಒಬ್ಬರಂತೆ ನೋಡಿಕೊಳ್ಳುವವರನ್ನು ಕೊಟ್ಟರು. ಅವರಿಗಿಂತ ಮೊದಲು ಖಲೀಫ ವಲೀದ್ ಕೂಡ ಇಂತಹ ಏರ್ಪಾಡು ಮಾಡಿದ್ದರು. ರೋಗಿಗೆ ಅನ್ನ ಮಾತ್ರ ಸಾಲದು, ಅದನ್ನು ಉಣಿಸುವ ಕೈಯೂ ಬೇಕು, ಆ ಕೈಯ ಹೊಣೆ ಮನೆಯವರ ಮೇಲೆಯೇ ಬೀಳಬಾರದು ಎಂಬ ತಿಳುವಳಿಕೆ ಅದರಲ್ಲಿತ್ತು.

ಒಮ್ಮೆ ಇರಾಕ್‌ನಿಂದ ಮಹಿಳೆಯೊಬ್ಬಳು ಅವರ ಮನೆಗೆ ಬಂದಳು. ಆಧಾರವಿಲ್ಲದ ಐವರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಳು. ಖಲೀಫರ ಮನೆಯಲ್ಲಿ ಬೆಲೆಬಾಳುವ ವಸ್ತು ಒಂದೂ ಕಾಣಲಿಲ್ಲ. ಈ ಪಾಳು ಮನೆಯಿಂದ ನನ್ನ ಮನೆ ಉದ್ಧಾರವಾದೀತೇ ಎಂದು ಅವಳು ಆಶ್ಚರ್ಯಪಟ್ಟಳು. ನಿಮ್ಮಂಥವರ ಮನೆ ಕಟ್ಟುವುದರಲ್ಲೇ ಈ ಮನೆ ಹೀಗಾಗಿದೆಯೆಂದು ಫಾತಿಮಾ ಉತ್ತರಿಸಿದರು. ಅಂಗಳದಲ್ಲಿ ಮಣ್ಣಿನ ಕೆಲಸ ಮಾಡುತ್ತಿದ್ದ ವ್ಯಕ್ತಿಯನ್ನು ಕೂಲಿಯಾಳೆಂದು ಅವಳು ಭಾವಿಸಿದ್ದಳು. ಖಲೀಫರು ಅವರೇ ಆಗಿದ್ದರು. ಅವಳ ಕಥೆ ಕೇಳಿ ಅವರು ಅತ್ತರು. ಹೆಣ್ಣುಮಕ್ಕಳ ಹೆಸರು ಒಂದೊಂದಾಗಿ ಕೇಳಿ ಭತ್ಯೆ ಬರೆಸಿದರು. ಪ್ರತಿಯೊಂದಕ್ಕೂ ಅವಳು ಅಲ್ಲಾಹನನ್ನು ಸ್ತುತಿಸಿದಳು. ನಾಲ್ಕನೆಯದಕ್ಕೆ ಖಲೀಫರನ್ನೇ ಹರಸಿದಾಗ ಅವರು ಬರೆಯುವುದನ್ನು ನಿಲ್ಲಿಸಿ, ಈ ನಾಲ್ವರೇ ಐದನೆಯವಳಿಗೂ ಪಾಲು ಕೊಡಲಿ ಎಂದರು. ಕೊಟ್ಟದ್ದು ಅಲ್ಲಾಹನ ಸೊತ್ತು, ಸ್ತುತಿಯೂ ಅವನಿಗೇ ಸಲ್ಲಬೇಕೆಂಬುದು ಅವರ ನಿಲುವಾಗಿತ್ತು. ಅವಳು ಪತ್ರದೊಂದಿಗೆ ಇರಾಕ್ ತಲುಪುವಷ್ಟರಲ್ಲಿ ಖಲೀಫರು ನಿಧನರಾಗಿದ್ದರು. ಆದರೂ ಅಲ್ಲಿನ ರಾಜ್ಯಪಾಲರು ಆ ಪತ್ರಕ್ಕೆ ಬೆಲೆ ಕೊಟ್ಟು ಭತ್ಯೆ ನೀಡಿದರು.

ಕ್ರಿ.ಶ. 720ರಲ್ಲಿ ಅವರು ಕಾಯಿಲೆ ಬಿದ್ದಾಗ ಫಾತಿಮಾರೇ ಶುಶ್ರೂಷೆ ಮಾಡಿದರು. ನೋಡಲು ಬಂದ ಸಹೋದರ ಮಸ್ಲಮಾ, ಖಲೀಫರ ಅಂಗಿ ಕೊಳೆಯಾಗಿದೆ, ತೊಳೆದು ಹಾಕೆಂದು ತಂಗಿಗೆ ಹೇಳಿದರು. ಮತ್ತೆ ಬಂದಾಗಲೂ ಅದೇ ಅಂಗಿಯಿತ್ತು. ಬೇರೆ ಅಂಗಿಯಿಲ್ಲವೆಂದು ಫಾತಿಮಾ ತಿಳಿಸಿದರು. ಸುಮಾರು ಎರಡೂವರೆ ವರ್ಷ ಆಳಿದ ಆ ಮಹಾನುಭಾವರು ಹೀಗೆ ಇಹಲೋಕ ತ್ಯಜಿಸಿದರು.

ಇಂದು ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಉಲ್ಲೇಖಿಸುತ್ತದೆ. ಕರ್ನಾಟಕ ಸರಕಾರವು 2024-25ರ ಬಜೆಟ್‌ನಲ್ಲಿ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ ಮುಂತಾದ ರೋಗಿಗಳ ಆರೈಕೆದಾರರಿಗೆ ತಿಂಗಳಿಗೆ 1000 ರೂ. ಘೋಷಿಸಿತು. ಹಗಲಿರುಳಿನ ದುಡಿಮೆಗೆ ಇದು ಅಲ್ಪವೇ. ಇದನ್ನು ಹೆಚ್ಚಿಸಬೇಕು, ಇನ್ನಷ್ಟು ಕಾಯಿಲೆಗಳಿಗೆ ವಿಸ್ತರಿಸಬೇಕೆಂದು ಕೇಳುವುದು ನ್ಯಾಯ. ಆದರೆ ಕೇಳುವ ಮೊದಲು ಪಟ್ಟಿಯೊಂದು ಬೇಕು. ನಮ್ಮ ಮೊಹಲ್ಲಾದಲ್ಲಿ ಹಾಸಿಗೆ ಹಿಡಿದವರಾರು, ಅವರನ್ನು ನೋಡಿಕೊಳ್ಳುವವರಾರು ಎಂಬುದನ್ನು ಜಮಾಅತ್‌ಗಳು ಬರೆದಿಡಲಿ. ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರ ಮೂಲಕ ಅರ್ಜಿ ಹಾಕಿಸಲಿ. ಅರ್ಹರಾದವರಿಗೆ ಝಕಾತ್ ತಲುಪಿಸಲಿ.

ಇನ್ನೊಂದು ಲೆಕ್ಕ ನಮ್ಮ ಮನೆಯೊಳಗಿದೆ. ತಾಯಿಯನ್ನು ನೋಡಿಕೊಳ್ಳುವ ತಂಗಿಗೆ ಪುಣ್ಯವಿದೆಯೆಂದು ಹೇಳಿ, ದುಡಿಯುವ ಅಣ್ಣಂದಿರು ಕೈತೊಳೆದುಕೊಳ್ಳುವುದು ನ್ಯಾಯವೇ? ಅವಳ ಪುಣ್ಯ ಅಲ್ಲಾಹನ ಬಳಿಯಿದೆ. ಅವಳ ಖರ್ಚು ಮತ್ತು ವಿಶ್ರಾಂತಿಯ ಹೊಣೆ ನಮ್ಮ ಮೇಲಿದೆ. ಆ ಹೊಣೆಯನ್ನು ಈಡೇರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.